ಫ್ಲೂ ಲಸಿಕೆ: ಅಂಜಿಕೆ ಬೇಡ, ಎಚ್ಚರಿಕೆ ಇರಲಿ

ಮಳೆಗಾಲ ಸಮೀಪಿಸುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಕಳೆದ ವರ್ಷ ಆ ಚುಚ್ಚುಮದ್ದು ಹಾಕಿಸಿಕೊಂಡು ಎರಡು ದಿನ ಜ್ವರದಲ್ಲಿ ಮಲಗಿದ್ದೆ, ಈ ವರ್ಷ ನನಗೆ ಬೇಡ." ಹೀಗೆನ್ನುವವರು ಹೆಚ್ಚಾಗಿ ಮನೆಯ ಹಿರಿಯರು. ಅವರಲ್ಲಿ ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗಗಳಿಂದ ಬಳಲುವವರೂ ಇರುತ್ತಾರೆ. ಇನ್‌ಫ್ಲುಯೆಂಜಾ ತಗುಲಿದರೆ ನ್ಯುಮೋನಿಯಾಕ್ಕೆ ತುತ್ತಾಗಿ ಆಸ್ಪತ್ರೆ ಸೇರುವ ಸಂಭವ ಯಾರಿಗೆ ಹೆಚ್ಚೋ ಅವರೇ ಲಸಿಕೆಗೆ ಬೆನ್ನು ತಿರುಗಿಸುವುದು ವಿಷಾದದ ಸಂಗತಿ. ಅವರ ಅನುಭವ ಸುಳ್ಳಲ್ಲ. ಆದರೆ ಆ ಜ್ವರದ ಅರ್ಥವೇನೆಂಬುದನ್ನು ಕುಟುಂಬದವರೆಲ್ಲರೂ ತಿಳಿದಿರಬೇಕು.

ಲಸಿಕೆಯಿಂದಲೇ ಫ್ಲೂ ಬರುವುದೇ?

ಚುಚ್ಚುಮದ್ದಿನ ರೂಪದಲ್ಲಿ ನೀಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ. ಸಾಮಾನ್ಯವಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸಿದ ವೈರಾಣುವನ್ನು ರಾಸಾಯನಿಕದಿಂದ ಕೊಂದು, ಒಡೆದು, ಶುದ್ಧೀಕರಿಸಿ ಈ ಲಸಿಕೆಯನ್ನು ತಯಾರಿಸುತ್ತಾರೆ. ಸತ್ತ ವೈರಾಣು ದೇಹದಲ್ಲಿ ವೃದ್ಧಿಯಾಗಲಾರದು. ಆದ್ದರಿಂದ ರೋಗವನ್ನೂ ತರಲಾರದು.

ಹಾಗಾದರೆ ಮೈಬಿಸಿ ಏಕೆ? ಒಳಹೊಕ್ಕ ವಸ್ತು ಪರಕೀಯವೆಂದು ದೇಹದ ರಕ್ಷಣಾ ವ್ಯವಸ್ಥೆ ಗುರುತಿಸಿ ಪ್ರತಿರೋಧಕ್ಕೆ ಸಿದ್ಧವಾಗುತ್ತದೆ. ಆಗ ರಕ್ತದಲ್ಲಿ ಬಿಡುಗಡೆಯಾಗುವ ಕೆಲವು ರಾಸಾಯನಿಕಗಳಿಂದ ಲಘು ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಇದು ದೇಹ ಪಾಠ ಕಲಿಯುತ್ತಿರುವ ಲಕ್ಷಣ. ಜ್ವರ ಬಾರದವರಿಗೆ ಲಸಿಕೆ ನಾಟಿಲ್ಲವೆಂದು ಇದರ ಅರ್ಥವಲ್ಲ.

ಲಸಿಕೆಯ ರಕ್ಷಣೆ ದೊರೆಯಲು ಸುಮಾರು 2 ವಾರಗಳು ಬೇಕು. ಆ ಅವಧಿಯಲ್ಲಿ ಬೇರೆಡೆಯಿಂದ ಫ್ಲೂ ಅಂಟಿಕೊಳ್ಳಬಹುದು. ಸಾಮಾನ್ಯ ನೆಗಡಿಯನ್ನುಂಟುಮಾಡುವ ಇತರ ವೈರಾಣುಗಳನ್ನು ಈ ಲಸಿಕೆ ತಡೆಯುವುದೂ ಇಲ್ಲ. ಎರಡೂ ಸಂದರ್ಭಗಳಲ್ಲಿ ಅಪವಾದ ಮಾತ್ರ ಲಸಿಕೆಯ ತಲೆಗೆ ಬರುತ್ತದೆ.

ಮನೆಯಲ್ಲಿ ಆರೈಕೆ

ಚುಚ್ಚಿದ ಜಾಗದಲ್ಲಿ ನೋವು, ಕೆಂಪಾಗುವಿಕೆ, ಸ್ವಲ್ಪ ಊತ. ಜೊತೆಗೆ ತಲೆನೋವು, ಆಯಾಸ, ಲಘು ಜ್ವರ: ಇವು ಸಾಮಾನ್ಯ ಅಡ್ಡಪರಿಣಾಮಗಳು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನೋವಿನ ಜಾಗದ ಮೇಲಿಡುವುದು, ತೋಳನ್ನು ಆಗಾಗ ಆಡಿಸುವುದು, ಗಂಜಿ, ಎಳನೀರುಗಳಂತಹ ದ್ರವಾಹಾರ ಸೇವಿಸುವುದು ಹಿತಕರ. ಜ್ವರ ಅಥವಾ ನೋವು ಹೆಚ್ಚೆನಿಸಿದರೆ ಪ್ಯಾರಸಿಟಮಾಲ್ ಸಾಕು. ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಇದೇ ಔಷಧ ಅಡಗಿರುವುದರಿಂದ ಎರಡನ್ನೂ ಒಟ್ಟಿಗೆ ನುಂಗಬಾರದು. ಯಕೃತ್ತಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು, ಆಸ್ಪಿರಿನ್ ಕೊಡಲೇಬಾರದು. ಜ್ವರ ಬರಬಹುದೆಂಬ ಭಯದಿಂದ ಮುಂಚಿತವಾಗಿಯೇ ಮಾತ್ರೆ ನುಂಗುವ ಅಗತ್ಯವಿಲ್ಲ.

ಇಲ್ಲೊಂದು ಮುಖ್ಯ ವಿಷಯವನ್ನು ಗಮನಿಸಬೇಕು. ಕೆಮ್ಮು, ಗಂಟಲು ನೋವು, ಏದುಸಿರು ಇವು ಈ ಚುಚ್ಚುಮದ್ದಿನ ಸಾಮಾನ್ಯ ಪರಿಣಾಮಗಳಲ್ಲ. ಜ್ವರ ಏರುತ್ತಲೇ ಹೋದರೆ ಅಥವಾ ಮೂರನೆಯ ದಿನವೂ ಇಳಿಯದಿದ್ದರೆ "ಲಸಿಕೆಯ ಜ್ವರ" ಎಂದು ಸುಮ್ಮನಿರುವುದು ಅಪಾಯಕಾರಿ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲವೆಂದರೆ ಡೆಂಗಿ, ಇಲಿಜ್ವರಗಳ ಕಾಲವೂ ಹೌದು. ಅಂತಹ ಜ್ವರವನ್ನು ಲಸಿಕೆಯ ಲೆಕ್ಕಕ್ಕೆ ಬರೆದು ರಕ್ತಪರೀಕ್ಷೆ ತಡಮಾಡಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ವಿರಳ, ಆದರೆ ಗಂಭೀರ

ತೀವ್ರ ಅಲರ್ಜಿ ಉಂಟಾಗುವುದು ಸುಮಾರು 10 ಲಕ್ಷ ಡೋಸ್‌ಗಳಿಗೆ ಒಂದರಂತೆ. ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆಯ ಊತ, ಉಸಿರಾಟದ ಕಷ್ಟ, ತಲೆಸುತ್ತಿ ಕುಸಿಯುವುದು ಇದರ ಲಕ್ಷಣಗಳು. ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ, ಕೆಲವೊಮ್ಮೆ ಕೆಲವು ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸಕಾಲದಲ್ಲಿ ಅಡ್ರಿನಲಿನ್ ಚುಚ್ಚುಮದ್ದು ನೀಡಿದರೆ ಜೀವ ಉಳಿಯುತ್ತದೆ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ ಎಂದು ಹೇಳುವುದು ಇದಕ್ಕಾಗಿಯೇ. ಮನೆಗೆ ಬಂದ ಮೇಲೆ ಇಂತಹ ಲಕ್ಷಣ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಇನ್ನೊಂದು ಗಿಲನ್-ಬಾರೆ ಎಂಬ ನರಗಳ ಕಾಯಿಲೆ. ಕಾಲುಗಳಲ್ಲಿ ಜೋಮು, ನಿಶ್ಶಕ್ತಿ ಆರಂಭವಾಗಿ ಮೇಲಕ್ಕೆ ಹರಡುವುದು ಇದರ ಗುಣ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆಯನ್ನು ಸುಮಾರು 4.5 ಕೋಟಿ ಜನರಿಗೆ ನೀಡಿದಾಗ, ಲಕ್ಷಕ್ಕೆ ಸುಮಾರು ಒಬ್ಬರಂತೆ ಈ ಕಾಯಿಲೆ ಹೆಚ್ಚುವರಿಯಾಗಿ ಕಂಡುಬಂದಿತು. ಅದೇ ಡಿಸೆಂಬರ್‌ನಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸಲಾಯಿತು. ಇಂದಿನ ಲಸಿಕೆಗಳಲ್ಲಿ ಈ ಅಪಾಯ ಇದ್ದರೂ 10 ಲಕ್ಷಕ್ಕೆ ಒಂದೆರಡಕ್ಕಿಂತ ಹೆಚ್ಚಿಲ್ಲ. ಫ್ಲೂ ರೋಗದಿಂದಲೂ ಇದೇ ಕಾಯಿಲೆ ಬರಬಹುದು. ಅದರ ಸಂಭವವೇ ಹೆಚ್ಚು.

ಮುಂಚಿತವಾಗಿ ಹೇಳಬೇಕಾದದ್ದು

ಹಿಂದಿನ ಫ್ಲೂ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದರೆ, ಗಿಲನ್-ಬಾರೆ ಬಂದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಮೊಟ್ಟೆಯ ಅಲರ್ಜಿ ಇರುವವರಿಗೂ ಲಸಿಕೆ ನೀಡಬಹುದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇಂದು ಹೇಳುತ್ತದೆ. ಆದರೂ ಅದನ್ನು ಮರೆಮಾಚದಿರುವುದು ಲೇಸು. ಆ ದಿನ ಹೆಚ್ಚು ಜ್ವರವಿದ್ದರೆ ಗುಣವಾಗುವವರೆಗೆ ಮುಂದೂಡಬಹುದು. ಗರ್ಭಿಣಿಯರು ಈ ಚುಚ್ಚುಮದ್ದನ್ನು ಪಡೆಯಬಹುದು. 6 ತಿಂಗಳಿಗಿಂತ ಚಿಕ್ಕ ಶಿಶುವಿಗೆ ಈ ಲಸಿಕೆ ಇಲ್ಲವಾದ್ದರಿಂದ ತಾಯಿಯಿಂದ ಬರುವ ರಕ್ಷಣೆಯೇ ಅದಕ್ಕೆ ಆಸರೆ.

ಫ್ಲೂ ವೈರಾಣು ರೂಪ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಲಸಿಕೆಯಲ್ಲಿ ಇರಬೇಕಾದ ತಳಿಗಳನ್ನು ಸೂಚಿಸುವುದು ಇದರಿಂದಲೇ. ಕಳೆದ ವರ್ಷದ ರಕ್ಷಣೆ ಈ ವರ್ಷಕ್ಕೆ ಸಾಲದು.

ಆದ್ದರಿಂದ ಮನೆಯ ಅಜ್ಜಿ "ಬೇಡ" ಎಂದಾಗ ಗದರಿಸಿ ಒಪ್ಪಿಸುವುದು ಸಲ್ಲ. ಆ ಎರಡು ದಿನಗಳ ಜ್ವರ ಏಕೆ ಬಂದಿತೆಂಬುದನ್ನು ಪಕ್ಕದಲ್ಲಿ ಕುಳಿತು ತಿಳಿಸಿ ಹೇಳೋಣ. ಚುಚ್ಚುಮದ್ದಿನ ದಿನ ಜೊತೆಗೆ ಹೋಗಿ, ಆ ರಾತ್ರಿ ಒಬ್ಬರಾದರೂ ಅವರ ಬಳಿಯಿದ್ದು ಬಿಸಿ ಗಂಜಿ ಬಡಿಸೋಣ. ಒಂಟಿಯಾಗಿ ನರಳಿದ ನೆನಪೇ ಎಷ್ಟೋ ಹಿರಿಯರ ಅಂಜಿಕೆಗೆ ಕಾರಣವಾಗಿರುತ್ತದೆ.