ಬಿರುಗಾಳಿಗೆ ಮುನ್ನ ತಲುಪಬೇಕಾದ ಮಾತು

ವಿಪತ್ತಿನ ಕಾಲದಲ್ಲಿ ಆಡಳಿತದ ಹೊಣೆ ಹೊತ್ತವರು ಆಡುವ ಮಾತಿಗೆ ಎರಡು ಕೆಲಸಗಳಿರುತ್ತವೆ. ಬರಲಿರುವ ಅಪಾಯವನ್ನು ತಿಳಿಸುವುದು ಮೊದಲನೆಯದು. ಯಾರು, ಯಾವಾಗ, ಎಲ್ಲಿಗೆ ಹೋಗಬೇಕೆಂದು ಹೇಳಿ, ಹಾಗೆ ಹೊರಡಲು ಬೇಕಾದ ಧೈರ್ಯವನ್ನು ತುಂಬುವುದು ಎರಡನೆಯದು. ಮೊದಲನೆಯದನ್ನು ಎಚ್ಚರಿಕೆ ಎಂದೂ ಎರಡನೆಯದನ್ನು ಮಾರ್ಗದರ್ಶನ ಎಂದೂ ಕರೆಯಬಹುದು. ಎಚ್ಚರಿಕೆಯಿದ್ದು ಮಾರ್ಗದರ್ಶನವಿಲ್ಲದಿದ್ದರೆ ಜನರು ತೆರಬೇಕಾದ ಬೆಲೆ ಎಷ್ಟೆಂಬುದನ್ನು ಒಡಿಶಾದ ಕಳೆದ ಕಾಲು ಶತಮಾನದ ಅನುಭವ ತಿಳಿಸುತ್ತದೆ.

1999ರ ಅಕ್ಟೋಬರ್ 29ರಂದು ಆ ರಾಜ್ಯದ ಪಾರಾದೀಪ್ ಸಮೀಪದ ಕರಾವಳಿಗೆ ಸೂಪರ್ ಸೈಕ್ಲೋನ್, ಅಂದರೆ ಗಂಟೆಗೆ 220 ಕಿಲೋಮೀಟರಿಗೂ ಮೀರಿದ ವೇಗದ ಗಾಳಿಯನ್ನು ಹೊತ್ತ ಚಂಡಮಾರುತ, ಅಪ್ಪಳಿಸಿತು. ಗಾಳಿಯ ಒತ್ತಡಕ್ಕೆ ಉಕ್ಕಿದ ಸಮುದ್ರದ ನೀರು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದ ಹಳ್ಳಿಗಳೊಳಗೆ ನುಗ್ಗಿತು. ರಾಜ್ಯದಲ್ಲಿ ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. ಹವಾಮಾನ ಇಲಾಖೆಯ ಮುನ್ಸೂಚನೆ ಮೊದಲೇ ಹೊರಬಿದ್ದಿತ್ತಾದರೂ, ಅದನ್ನು ಕೇಳಿದ ಮಣ್ಣಿನ ಗೋಡೆಯ, ಹುಲ್ಲು ಹೊದಿಕೆಯ ಮನೆಗಳವರಿಗೆ ಓಡಿಹೋಗಿ ಸೇರಿಕೊಳ್ಳಲು ಹತ್ತಿರದಲ್ಲಿ ಸಾಕಷ್ಟು ಗಟ್ಟಿ ಕಟ್ಟಡಗಳಿರಲಿಲ್ಲ. ಹೋಗಲು ಜಾಗವಿಲ್ಲದವನಿಗೆ ಕೊಟ್ಟ ಎಚ್ಚರಿಕೆ ಅವನ ಭಯವನ್ನು ಹೆಚ್ಚಿಸುತ್ತದೆಯೇ ಹೊರತು ಜೀವವನ್ನು ಉಳಿಸುವುದಿಲ್ಲ.

ಆ ದುರಂತದ ಬೆನ್ನಿಗೇ, ಅದೇ ವರ್ಷ, ಒಡಿಶಾ ತನ್ನದೇ ಆದ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಿಕೊಂಡಿತು. ಮುಂದಿನ ಎರಡು ದಶಕಗಳಲ್ಲಿ ಕರಾವಳಿಯುದ್ದಕ್ಕೂ 800ಕ್ಕೂ ಹೆಚ್ಚು ಚಂಡಮಾರುತ ಆಶ್ರಯತಾಣಗಳು ಎದ್ದವು. ಎತ್ತರದ ಕಂಬಗಳ ಮೇಲೆ ನಿಂತ ಈ ಕಾಂಕ್ರೀಟ್ ಕಟ್ಟಡಗಳ ಕೆಳಭಾಗವನ್ನು ನೀರು ಹರಿದುಹೋಗುವಂತೆ ತೆರೆದಿಡಲಾಗುತ್ತದೆ. ನಡೆಯಲಾರದವರನ್ನು ಮೇಲಕ್ಕೆ ಒಯ್ಯಲು ಇಳಿಜಾರು ದಾರಿ ಇರುತ್ತದೆ. ಬಿರುಗಾಳಿಯಿಲ್ಲದ ದಿನಗಳಲ್ಲಿ ಇವುಗಳಲ್ಲಿ ಅನೇಕವು ಶಾಲೆಗಳಾಗಿ ಬಳಕೆಯಲ್ಲಿರುತ್ತವೆ. ಕಟ್ಟಡದ ಉಸ್ತುವಾರಿಗೆ ಊರವರದೇ ಸಮಿತಿಯಿದ್ದು, ಪ್ರಥಮ ಚಿಕಿತ್ಸೆ, ರಕ್ಷಣಾಕಾರ್ಯ ಮುಂತಾದವುಗಳಲ್ಲಿ ತರಬೇತಿ ಪಡೆದ ಸ್ವಯಂಸೇವಕರೂ ಅದೇ ಊರಿನವರಾಗಿರುತ್ತಾರೆ.

2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಚಂಡಮಾರುತ ದಡ ಸೇರಿದಾಗ ಈ ಸಿದ್ಧತೆ ಪರೀಕ್ಷೆಗೆ ಒಳಪಟ್ಟಿತು. ಅದು ದುರ್ಗಾಪೂಜೆಯ ಸಮಯ. ಸರ್ಕಾರಿ ನೌಕರರ ಹಬ್ಬದ ರಜೆಯನ್ನು ರದ್ದುಪಡಿಸಿದ ಆದೇಶವು, ಈ ಬಾರಿಯ ಅಪಾಯ ಎಷ್ಟು ದೊಡ್ಡದೆಂಬುದನ್ನು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಜನರಿಗೆ ಮನದಟ್ಟು ಮಾಡಿತು. ವಿದೇಶದ ಕೆಲವು ಮುನ್ಸೂಚನೆಗಳು ಇನ್ನೂ ಭೀಕರವಾದ ಗಾಳಿಯ ವೇಗವನ್ನು ಹೇಳುತ್ತಿದ್ದರೂ ಭಾರತೀಯ ಹವಾಮಾನ ಇಲಾಖೆ ತನ್ನ ಲೆಕ್ಕಕ್ಕೇ ಅಂಟಿಕೊಂಡಿತು, ಮತ್ತು ಅದೇ ನಿಜವಾಯಿತು. ಅಪಾಯವನ್ನು ತಗ್ಗಿಸಿ ಹೇಳುವುದು ಎಷ್ಟು ತಪ್ಪೋ ಉಬ್ಬಿಸಿ ಹೇಳುವುದೂ ಅಷ್ಟೇ ತಪ್ಪು, ಏಕೆಂದರೆ ಒಮ್ಮೆ ಸುಳ್ಳಾದ ಭಯ ಮುಂದಿನ ಸಲದ ನಿಜವಾದ ಎಚ್ಚರಿಕೆಯನ್ನೂ ನಂಬದಂತೆ ಮಾಡುತ್ತದೆ. ಆ ಸಲ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸಾವಿನ ಸಂಖ್ಯೆ ಐವತ್ತನ್ನು ದಾಟಲಿಲ್ಲ.

2019ರ ಮೇ 3ರಂದು ಪುರಿಯ ಬಳಿ ಫನಿ ಚಂಡಮಾರುತ ಅಪ್ಪಳಿಸುವ ಮುನ್ನ ಸುಮಾರು 12 ಲಕ್ಷ ಜನ ಸ್ಥಳಾಂತರಗೊಂಡರು. ಸುಮಾರು 26 ಲಕ್ಷ ಮೊಬೈಲ್ ಸಂದೇಶಗಳು ಹೋದವು, ಸೈರನ್‌ಗಳು ಮೊಳಗಿದವು, ಮೈಕ್ ಕಟ್ಟಿಕೊಂಡ ವಾಹನಗಳು ಊರೂರು ತಿರುಗಿದವು. ಇಷ್ಟಾದರೂ ಮನೆಬಿಟ್ಟು ಹೊರಡುವ ತೀರ್ಮಾನ ಆಗುವುದು ಹೊಸ್ತಿಲಿನಲ್ಲಿ. ಕೊಟ್ಟಿಗೆಯ ಹಸುವನ್ನು ಯಾರು ನೋಡುತ್ತಾರೆ, ಬೀಗ ಹಾಕಿದ ಮನೆಗೆ ಕಳ್ಳರು ನುಗ್ಗಿದರೆ ಏನು ಗತಿ, ಹಾಸಿಗೆ ಹಿಡಿದ ಹಿರಿಯರನ್ನು ಹೊತ್ತು ನಡೆಯುವವರು ಯಾರು ಎಂಬ ಪ್ರಶ್ನೆಗಳಿಗೆ ಮೊಬೈಲ್ ಸಂದೇಶ ಉತ್ತರ ಕೊಡಲಾರದು. ಬಾಗಿಲಿಗೆ ಬಂದು ನಿಂತ ಪರಿಚಿತ ಮುಖ ಕೊಡಬಲ್ಲದು. ನಾಯಕತ್ವವೆಂಬುದು ರಾಜಧಾನಿಯ ಒಬ್ಬ ವ್ಯಕ್ತಿಯಲ್ಲಿ ನೆಲೆಸಿರುವ ಗುಣವಲ್ಲ, ಮುಖ್ಯಮಂತ್ರಿಯ ಕಚೇರಿಯಿಂದ ಊರಿನ ಸ್ವಯಂಸೇವಕನವರೆಗೆ ಒಂದೇ ಮಾತನ್ನು ಕೆಡದಂತೆ ದಾಟಿಸುವ ಸರಪಳಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಯಶಸ್ಸಿಗೂ ಮಿತಿಗಳಿದ್ದವು. ಫನಿಯಿಂದ ಒಡಿಶಾದಲ್ಲಿ 64 ಜನ ಮೃತಪಟ್ಟರು. ಗಾಳಿ ನಿಂತ ಮೇಲೆ ಪುರಿ, ಭುವನೇಶ್ವರಗಳಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದೆ, ನೀರಿಲ್ಲದೆ ಬಳಲಿದ ಜನರು ಬೀದಿಗಿಳಿದು ಪ್ರತಿಭಟಿಸಿದರು. ಜೀವ ಉಳಿದ ಮರುದಿನದಿಂದಲೇ ಜನ ಕೇಳುವ ಪ್ರಶ್ನೆ ಬದಲಾಗುತ್ತದೆ: ದೀಪ ಎಂದು ಬರುತ್ತದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ? ಕಷ್ಟ ಎಷ್ಟು ದಿನದ್ದೆಂದು ತಿಳಿದರೆ ಸಹಿಸಿಕೊಳ್ಳುವ ಜನರು, ಅದು ತಿಳಿಯದೇ ಹೋದಾಗ ರೊಚ್ಚಿಗೇಳುವುದು ಸಹಜ. ಬಿರುಗಾಳಿಗೆ ಮುನ್ನ ಎಡೆಬಿಡದೆ ಮಾತನಾಡಿದ ಆಡಳಿತ ಅನಂತರವೂ ಅಷ್ಟೇ ಶ್ರದ್ಧೆಯಿಂದ ಮಾತನಾಡಬೇಕಾಗುತ್ತದೆ.

12 ಲಕ್ಷ ಜನರನ್ನು ಒಂದೆರಡು ದಿನಗಳಲ್ಲಿ ಸ್ಥಳಾಂತರಿಸುವ ಶಕ್ತಿ ಒಂದೆರಡು ದಿನಗಳಲ್ಲಿ ಹುಟ್ಟಿದ್ದಲ್ಲ. ಮಕ್ಕಳು ನಿತ್ಯ ಪಾಠ ಕಲಿಯುವ ಕಟ್ಟಡವೇ ಆಶ್ರಯತಾಣವಾಗಿದ್ದಾಗ, ಬಿರುಗಾಳಿಯ ರಾತ್ರಿ ಅಲ್ಲಿಗೆ ಹೋಗುವ ದಾರಿ ಮನೆಮಂದಿಗೆಲ್ಲ ಮೊದಲೇ ಗೊತ್ತಿರುತ್ತದೆ. ನಾಯಕನ ಮಾತಿಗೂ ಅಂಥದೇ ಹಳೆಯ ಪರಿಚಯದ ಬಲ ಬೇಕು.