ತಂತಿ ಇಲ್ಲದ ಬಾರ್‌ಕೋಡ್ ಸ್ಕ್ಯಾನರ್

ಸೋಪು, ಬಿಸ್ಕತ್ತು, ಟೀಪುಡಿ ಪೊಟ್ಟಣಗಳ ಹಿಂದೆ ಕಪ್ಪು ಗೆರೆಗಳನ್ನು ನೋಡಿದ್ದೀರಲ್ಲ? ಕೆಳಗೆ 13 ಅಂಕಿ ಇರುತ್ತವೆ. ಇದಕ್ಕೆ ಬಾರ್‌ಕೋಡ್ ಎಂದು ಹೆಸರು. ಇದನ್ನು ಓದುವ ಯಂತ್ರವೇ ಸ್ಕ್ಯಾನರ್. ದಸರಾ ರಜೆಯಲ್ಲಿ ನಮ್ಮ ಚಿಕ್ಕಪ್ಪ ಅಂಗಡಿಗೆ ತಂತಿ ಇಲ್ಲದ ಸ್ಕ್ಯಾನರ್ ತಂದರು. ಅದನ್ನು ಜೋಡಿಸಿದ್ದು ನಾನು. ಅದರಿಂದ ಒಂದು ತಪ್ಪು ಮಾಡಿದ್ದೂ ನಾನೇ. ಎರಡನ್ನೂ ಬರೆದಿದ್ದೇನೆ.

ಜೋಡಿಸುವ ವಿಧಾನ

ಡಬ್ಬದಲ್ಲಿ ಪಿಸ್ತೂಲಿನಂಥ ಸ್ಕ್ಯಾನರ್, ಚಾರ್ಜ್ ಮಾಡುವ ವೈರು, ಬೆರಳಿನ ತುದಿಯಷ್ಟು ಚಿಕ್ಕ ರಿಸೀವರ್ ಮತ್ತು ಒಂದು ಇಂಗ್ಲಿಷ್ ಪುಸ್ತಕ ಇದ್ದವು. ಪುಸ್ತಕ ಯಾಕೆ ಅಂತ ಚಿಕ್ಕಪ್ಪ ಎಸೆಯೋಕೆ ಹೋದರು. ನಾನು ಬೇಡ ಅಂದೆ. ಸ್ಕ್ಯಾನರಿಗೆ ಇರುವುದು ಒಂದೇ ಗುಂಡಿ. ಉಳಿದ ಅಪ್ಪಣೆಗಳೆಲ್ಲ ಪುಸ್ತಕದಲ್ಲಿ ಬಾರ್‌ಕೋಡ್ ಆಗಿ ಅಚ್ಚಾಗಿವೆ. ಯಾವ ಕೋಡಿಗೆ ಹಿಡಿದು ಗುಂಡಿ ಒತ್ತುತ್ತೇವೋ ಆ ಅಪ್ಪಣೆ ಅದಕ್ಕೆ ತಿಳಿಯುತ್ತದೆ.

1. ಮೊದಲು ಪೂರ್ತಿ ಚಾರ್ಜ್ ಮಾಡಬೇಕು. ಅವತ್ತು ಕರೆಂಟು ಹೋಗಿ ಬಂದು ಮಾಡಿ ಸಂಜೆಯೇ ಆಯ್ತು.

2. ರಿಸೀವರನ್ನು ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಹಾಕಬೇಕು. ಪುಸ್ತಕದಲ್ಲಿ ‘ಪೇರಿಂಗ್’ ಎಂದಿರುವ ಕೋಡನ್ನು ಓದಿಸಬೇಕು. ಆಮೇಲೆ ಎರಡೂ ರೇಡಿಯೋ ಅಲೆಗಳ ಮೂಲಕ ಮಾತಾಡುತ್ತವೆ.

3. ನೋಟ್‌ಪ್ಯಾಡ್ ತೆರೆದು ಯಾವುದಾದರೂ ಪೊಟ್ಟಣ ಓದಿಸಿ ನೋಡಬೇಕು. ಕಂಪ್ಯೂಟರ್ ಈ ಸ್ಕ್ಯಾನರನ್ನು ಕೀಬೋರ್ಡ್ ಅಂತಲೇ ತಿಳಿಯುತ್ತದೆ. ಆದ್ದರಿಂದ ಕರ್ಸರ್ ಎಲ್ಲಿದೆಯೋ ಅಲ್ಲೇ ಅಂಕಿಗಳು ಬೀಳುತ್ತವೆ. ನಾನು ನೋಡದೆ ಒತ್ತಿ, ಬಿಲ್ಲಿನಲ್ಲಿ ಗಿರಾಕಿ ಹೆಸರಿನ ಜಾಗಕ್ಕೆ ಸೋಪಿನ ನಂಬರು ಬಿತ್ತು!

4. ಅಂಕಿಗಳೆಲ್ಲ ಒಂದೇ ಸಾಲಿನಲ್ಲಿ ಅಂಟಿಕೊಂಡು ಬಂದರೆ, ‘ಎಂಟರ್ ಸೇರಿಸು’ ಎಂಬ ಅರ್ಥದ ಕೋಡನ್ನು ಓದಿಸಬೇಕು.

5. ಏನಾದರೂ ಕೆಟ್ಟರೆ ‘ರೀಸೆಟ್’ ಕೋಡ್ ಓದಿಸಿ ಮೊದಲಿಂದ ಶುರು ಮಾಡಬೇಕು.

ಬಳಸುವ ವಿಧಾನ

ಕೆಂಪು ಬೆಳಕು ಮೊದಲ ಗೆರೆಯಿಂದ ಕೊನೆಯ ಗೆರೆವರೆಗೆ ಬೀಳಬೇಕು. ಒಂದು ಗೇಣು ದೂರ ಸಾಕು. ಹೊಳೆಯುವ ಪೊಟ್ಟಣವಾದರೆ ಸ್ವಲ್ಪ ಓರೆಯಾಗಿ ಹಿಡಿಯಬೇಕು. ಸುಕ್ಕಾಗಿದ್ದರೆ ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿಯಬೇಕು. ಗೆರೆ ಹರಿದಿದ್ದರೆ ಕೆಳಗಿನ ಅಂಕಿಗಳನ್ನು ಕೈಯಿಂದಲೇ ಒತ್ತಬೇಕು. ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು. ತಂತಿ ಇಲ್ಲದ್ದರಿಂದ ಭಾರದ ಚೀಲಗಳನ್ನು ಮೇಜಿನ ತನಕ ಹೊತ್ತು ತರಬೇಕಿಲ್ಲ. ಆದರೆ ತುಂಬಾ ದೂರ ಹೋದರೆ, ಗೋಡೆ ಅಡ್ಡ ಬಂದರೆ ಸಂಪರ್ಕ ತಪ್ಪುತ್ತದೆ.

ಅದು ಹೇಗೆ ಓದುತ್ತದೆ?

ಬಿಳಿ ಜಾಗ ಬೆಳಕನ್ನು ವಾಪಸು ಕಳಿಸುತ್ತದೆ, ಕಪ್ಪು ಗೆರೆ ನುಂಗುತ್ತದೆ. ಈ ವ್ಯತ್ಯಾಸದಿಂದ ಸ್ಕ್ಯಾನರ್ ಗೆರೆಗಳ ದಪ್ಪ ಅಳೆದು ಅಂಕಿ ಕಂಡುಹಿಡಿಯುತ್ತದೆ. ಕೊನೆಯ ಅಂಕಿ ಕಾವಲುಗಾರ ಇದ್ದ ಹಾಗೆ. ನಾನು ಮಾಡಿಕೊಂಡ ಒಂದು ಸಂಖ್ಯೆ ನೋಡಿ: 8901234567890. ಮೊದಲ 12 ಅಂಕಿಗಳಲ್ಲಿ 1, 3, 5, 7, 9, 11ನೇ ಜಾಗದವನ್ನು ಕೂಡಿದರೆ 28. ಉಳಿದ ಆರನ್ನು ಕೂಡಿದರೆ 34, ಅದರ ಮೂರರಷ್ಟು 102. ಒಟ್ಟು 130. ಮುಂದಿನ ಪೂರ್ಣ ಹತ್ತಕ್ಕೆ ಎಷ್ಟು ಬೇಕು? ಸೊನ್ನೆ. ಅದೇ ಕೊನೆಯ ಅಂಕಿ. ನಿಮ್ಮ ಮನೆಯ ಪೊಟ್ಟಣದಲ್ಲೂ ಹೀಗೆ ಲೆಕ್ಕ ಮಾಡಿ ನೋಡಿ. 890 ಅಂತ ಶುರುವಾದರೆ ಆ ನಂಬರು ಭಾರತದಲ್ಲಿ ನೋಂದಣಿ ಆಗಿದ್ದು. ಸಾಮಾನು ಇಲ್ಲೇ ತಯಾರಾಗಿದೆ ಅಂತ ಅರ್ಥವಲ್ಲ.

ಅಂಗಡಿಯಲ್ಲಿ ಮೊದಲ ಸಲ ಹೀಗೆ ಓದಿಸಿದ್ದು 1974ರ ಜೂನ್ 26ರಂದು, ಅಮೆರಿಕದ ಟ್ರಾಯ್ ಎಂಬ ಊರಿನಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣವನ್ನು.

ನನ್ನ ತಪ್ಪು

ಎಲ್ಲರೂ ಗೆರೆಯಲ್ಲೇ ಬೆಲೆ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಪೊಟ್ಟಣದ ಗೆರೆಯಲ್ಲಿ ಇರುವುದು ಆ ನಂಬರು ಮಾತ್ರ. ಆ ನಂಬರಿಗೆ ಎಷ್ಟು ಬೆಲೆ ಅಂತ ಕಂಪ್ಯೂಟರಿಗೆ ಮನುಷ್ಯರೇ ಬರೆದು ಇಡಬೇಕು. ನಮ್ಮ ಅಂಗಡಿಯಲ್ಲಿ ಅದನ್ನು ಬರೆದವನು ನಾನು. ಹೊಸದಾಗಿ ಬಂದ ಸೋಪಿಗೆ 38 ರೂಪಾಯಿ ಅಂತ ಬರೆದೆ. ಆದರೆ ಕಪಾಟಿನಲ್ಲಿ 35 ರೂಪಾಯಿ ಅಚ್ಚಾದ ಹಳೆಯ ಸೋಪೂ ಇತ್ತು. ಎರಡಕ್ಕೂ ಒಂದೇ ಬಾರ್‌ಕೋಡ್!

ನಮ್ಮ ಬೀದಿಯ ಅಜ್ಜಿಯೊಬ್ಬರು ಹಳೆಯ ಸೋಪು ತಗೊಂಡರು. ಬೀಪ್ ಅಂತು, 38 ತೋರಿಸಿತು. ಅಜ್ಜಿ, “ಇದರ ಮ್ಯಾಲೆ ಮೂವತ್ತೈದು ಅಂತ ಐತಲ್ಲ ಮಗಾ?” ಅಂದರು. ನಾನು ನೋಡಲೇ ಇಲ್ಲ. “ಮಿಷನ್ ತಪ್ಪು ಹೇಳಲ್ಲ ಅಜ್ಜಿ” ಅಂದುಬಿಟ್ಟೆ. ಅವರು ಸೆರಗಿನ ಗಂಟು ಬಿಚ್ಚಿ ಕೊಟ್ಟು ಹೋದರು. ರಾತ್ರಿ ಸೋಪು ಜೋಡಿಸುವಾಗ ಗೊತ್ತಾಯ್ತು. ಅಚ್ಚಾದ ಎಂಆರ್‌ಪಿಗಿಂತ ಹೆಚ್ಚು ತಗೊಳ್ಳುವುದು ಕಾನೂನಿಗೂ ವಿರುದ್ಧ ಅಂತ ಚಿಕ್ಕಪ್ಪ ಬೈದರು. ಬೆಳಿಗ್ಗೆ ಮೂರು ರೂಪಾಯಿ ಹಿಡಿದು ಅಜ್ಜಿ ಮನೆಗೆ ಹೋದೆ. ಅವರು ಅದನ್ನು ತಗೊಂಡು, “ಹಂಗಾರೆ ನಿನ್ನೆ ತಗಂಡ ಬ್ಯಾರೆಯೋರದು?” ಅಂತ ಕೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ.

ಬಿಲ್ಲು ನೋಡಿದೆವು. ಹಳೆಯ ಸೋಪು ಅಂಥವು ಇನ್ನೂ ಐದು ಹೋಗಿದ್ದವು. ಮೂವರನ್ನು ಹುಡುಕಿ ಕೊಟ್ಟೆ. ಇಬ್ಬರು ಯಾರೆಂದು ಇನ್ನೂ ತಿಳಿದಿಲ್ಲ. ಈಗ ಹಳೆಯ ಸೋಪನ್ನು ಬೇರೆ ಇಟ್ಟು, ಬೆಲೆ ನೋಡಿಯೇ ಬಿಲ್ ಮಾಡುತ್ತೇವೆ.

ಬೀಪ್ ಅಂದರೆ ನಂಬರು ಸರಿಯಾಗಿ ಓದಿದೆ ಅಂತ ಅಷ್ಟೇ, ಬೆಲೆ ಸರಿ ಅಂತ ಅಲ್ಲ. ಸಾಮಾನು ತರುವಾಗ ನೀವೂ ಪೊಟ್ಟಣದ ಮೇಲಿನ ಬೆಲೆ ನೋಡಿ. ಆ ಇಬ್ಬರು ನಿಮ್ಮ ಮನೆಯವರಾಗಿದ್ದರೆ ನನಗೆ ಹೇಳಿ, ಮೂರು ರೂಪಾಯಿ ಕೊಡುತ್ತೇನೆ.

— 7ನೇ ತರಗತಿ ವಿದ್ಯಾರ್ಥಿ