ಬಂಡೆ ಏರುವ ಮುನ್ನ ಉಂಗುರ ಬಿಚ್ಚಿಡಿ

ರಜೆ ಬಂತೆಂದರೆ ಹುಮನಾಬಾದಿನ ನಮಗೆ ಬಸವಕಲ್ಯಾಣದ ಕೋಟೆಯೇ ಪಿಕ್‌ನಿಕ್. ಅಲ್ಲಿ ಮೆಟ್ಟಿಲು ಬಿಟ್ಟು ಕಲ್ಲು ಹಿಡಿದು ಹತ್ತುವವರೇ ಹೆಚ್ಚು. (ಹಳೆಯ ಗೋಡೆ ಹತ್ತುವುದೇ ತಪ್ಪು, ಆ ಮಾತು ಬೇರೆ.) ಒಮ್ಮೆ ನಮ್ಮ ಜೊತೆಗಿದ್ದ ಯುವ ಶಿಕ್ಷಕಿಯೊಬ್ಬಳು ಹಾಗೆ ಕೆಳಗೆ ಜಿಗಿಯುವಾಗ ಉಂಗುರ ಕಲ್ಲಿನ ಅಂಚಿಗೆ ಸಿಕ್ಕಿತು. ಪುಣ್ಯಕ್ಕೆ ಅಷ್ಟರಲ್ಲಿ ಕಾಲು ನೆಲ ಮುಟ್ಟಿತ್ತು, ಬೆರಳು ತರಚಿತಷ್ಟೇ. ಬಿಚ್ಚು ಎಂದರೆ, "ಆಪಾ, ಮಂಗ್ನಿಯ ಉಂಗುರ, ತೆಗೆಯಬಾರದು ಅಂತ ಅಮ್ಮಿ ಹೇಳಿದ್ದಾರೆ" ಎಂದಳು.

ಕಾಲು ನೆಲ ಮುಟ್ಟದಿದ್ದರೆ? ಇಡೀ ದೇಹದ ಭಾರ ಆ ಒಂದು ಬೆರಳಿನ ಮೇಲೆ ಬೀಳುತ್ತದೆ. ಉಂಗುರ ಚರ್ಮವನ್ನು ಕೈಚೀಲದಂತೆ ಸುಲಿದು, ರಕ್ತನಾಳ, ನರಗಳನ್ನು ಹರಿಯುತ್ತದೆ. ಕೆಲವೊಮ್ಮೆ ಬೆರಳೇ ಹೋಗುತ್ತದೆ. 2015ರಲ್ಲಿ ಅಮೆರಿಕದ ಟಿ.ವಿ. ನಿರೂಪಕ ಜಿಮ್ಮಿ ಫಾಲನ್ ಮನೆಯಲ್ಲಿ ಎಡವಿ ಬೀಳುವಾಗ ಮದುವೆ ಉಂಗುರ ಅಡುಗೆಕಟ್ಟೆಗೆ ಸಿಕ್ಕಿಕೊಂಡಿತು. ಬೆರಳು ಉಳಿಸಲು ಆರು ಗಂಟೆ ಶಸ್ತ್ರಚಿಕಿತ್ಸೆ ಬೇಕಾಯಿತು, ಹತ್ತು ದಿನ ಐಸಿಯುನಲ್ಲಿದ್ದರು. ಅಡುಗೆಮನೆಯಲ್ಲೇ ಹೀಗಾದರೆ, ಬಾದಾಮಿ, ರಾಮನಗರದ ಬಂಡೆಗಳ ಬಿರುಕಿಗೆ ಕೈತೂರಿಸಿ ಹತ್ತುವವರ ಗತಿ?

ನಿಮ್ಮ ಮಗಳು ಸಾಹಸ ಶಿಬಿರಕ್ಕೆ ಹೊರಟಿದ್ದಾಳೆಯೇ? ಉಂಗುರವನ್ನು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿ ಕಳಿಸಬೇಡಿ. ಸರ ಹಗ್ಗಕ್ಕೆ ಸುತ್ತಿಕೊಳ್ಳಬಹುದು. ಗಾಜಿನ ಬಳೆ ಒಡೆದು ಮಣಿಕಟ್ಟು ಕೊಯ್ಯುತ್ತದೆ. ಜೋತಾಡುವ ಓಲೆ ಹೆಲ್ಮೆಟ್ ಪಟ್ಟಿಗೆ ಸಿಕ್ಕುತ್ತದೆ. ದುಪಟ್ಟಾದ ತುದಿಗಳನ್ನು ಒಳಗೆ ಸೇರಿಸಲಿ, ಪಿನ್ನು ಕಡಿಮೆ ಇರಲಿ.

"ಲಚ್ಚಾ ತೆಗೆಯುವುದು ಅಪಶಕುನ" ಎನ್ನುವ ಹಿರಿಯರಿಗೆ ಮೆಲ್ಲಗೆ ತಿಳಿಹೇಳಿ. ನಿಕಾಹ್ ಆಗುವುದು ಈಜಾಬ್-ಕಬೂಲ್‌ನಿಂದ, ಸಾಕ್ಷಿಗಳೆದುರು, ಮಹ್ರ್‌ನೊಂದಿಗೆ. ಕಪ್ಪುಮಣಿಯಿಂದಲೂ ಅಲ್ಲ, ಉಂಗುರದಿಂದಲೂ ಅಲ್ಲ. ಅರ್ಧ ದಿನ ಡಬ್ಬಿಯಲ್ಲಿಟ್ಟರೆ ಮದುವೆಗೆ ಏನೂ ಆಗದು.

ಉಂಗುರ ಬಿಗಿಯಾಗಿದ್ದರೆ ಜಗ್ಗಾಡಬೇಡಿ. ಕೈ ಎತ್ತಿ ಹಿಡಿದು, ಸೋಪು ಹಚ್ಚಿ, ತಿರುಗಿಸುತ್ತಾ ತೆಗೆಯಿರಿ. ಆಗದಿದ್ದರೆ ಕತ್ತರಿಸಿಸಿ, ಚಿನ್ನವನ್ನು ಅಕ್ಕಸಾಲಿಗ ಮತ್ತೆ ಬೆಸೆದುಕೊಡುತ್ತಾನೆ. ಅನಾಹುತವಾಗಿ ಬೆರಳು ತುಂಡಾದರೆ, ಗಾಯವನ್ನು ಬಟ್ಟೆಯಿಂದ ಒತ್ತಿಹಿಡಿಯಿರಿ. ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಪ್ಲಾಸ್ಟಿಕ್ ಸರ್ಜರಿ ಇರುವ ಆಸ್ಪತ್ರೆಗೆ ತಡಮಾಡದೆ ಹೊರಡಿ.

ಆ ಶಿಕ್ಷಕಿ ಕೊನೆಗೆ ಉಂಗುರವನ್ನು ಕರವಸ್ತ್ರದಲ್ಲಿ ಗಂಟುಹಾಕಿ ನನ್ನ ಕೈಗಿತ್ತಳು. ನಾನು ಕೆಳಗೆ ಕುಳಿತು ಕಾದೆ.